ಹನ್ನೊಂದು ಮೀಟರು

ನಾನು ಕೆಲಸಕ್ಕೆ ಸೇರಿದ ವಾರ ನಮ್ಮ ಕೇರಿಯ ಹೆಂಗಸರು ಬೋರ್‌ವೆಲ್ ಹತ್ತಿರ ಹಿಡಿದು ನಿಲ್ಲಿಸಿ ಕೇಳಿದರು, "ಏನ್ ಕೆಲ್ಸ ಕಣವ್ವಾ ನಿಂದು?" ಅವರಿಗೆ ಹೇಗೆ ಹೇಳಬೇಕೋ ತಿಳಿಯದೆ, "ತಾರಸಿ ಮೇಲೆ ನಿಂತ್ಕಂಡು ಆಕಾಶ ನೋಡೋದು" ಎಂದುಬಿಟ್ಟೆ. "ಅಷ್ಟಕ್ಕೆ ಐಟಿಐ ಯಾಕವ್ವಾ ಓದ್ದೆ? ನಮ್ ಅತ್ತೆ ದಿನಾ ಜಗ್ಲಿ ಮ್ಯಾಲೆ ಕುಂತು ಅದ್ನೇ ಮಾಡ್ತಾವ್ಳೆ" ಎಂದು ಒಬ್ಬಳು ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ.

ಹೆಡತಲೆಯ ಪಕ್ಕದ ನಮ್ಮ ಹಳ್ಳಿಯಿಂದ ದಿನಾ ಬೆಳಿಗ್ಗೆ ಬಸ್ಸು ಹತ್ತಿ ನಂಜನಗೂಡಿಗೆ ಹೋಗುತ್ತಿದ್ದೆ. ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ, ಎರಡು ದೊಡ್ಡ ಕಾರ್ಖಾನೆಗಳ ಕಾಂಪೌಂಡುಗಳ ನಡುವೆ ನಮ್ಮ ಪುಟ್ಟ ಶೆಡ್ಡು. ಕೆಳಗೆ ಹತ್ತು ಹನ್ನೆರಡು ಜನ ಹುಡುಗಿಯರು ಸಾಲಾಗಿ ಕೂತು ಸೋಲ್ಡರಿಂಗ್ ಮಾಡುತ್ತಿದ್ದರು. ಮೇಲೊಂದು ಚೌಕಾಕಾರದ ಟೆಸ್ಟ್ ರೂಮು, ಅದರ ಮೇಲೆ ತಾರಸಿ. ನಾವು ತಯಾರಿಸುತ್ತಿದ್ದುದು ಊಟದ ಡಬ್ಬಿಯಷ್ಟು ದೊಡ್ಡ ಒಂದು ಸೆಟ್ಟು. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಿಗ್ನಲ್ ಹಿಡಿದು ತಾನು ಭೂಮಿಯ ಮೇಲೆ ಎಲ್ಲಿದ್ದೇನೆ ಎಂದು ಅಕ್ಷಾಂಶ ರೇಖಾಂಶದ ಲೆಕ್ಕದಲ್ಲಿ ಹೇಳುವುದು ಅದರ ಕೆಲಸ. ಇವತ್ತು ಎಲ್ಲರ ಜೇಬಿನ ಫೋನೂ ಅದನ್ನು ಮಾಡುತ್ತದೆ. ಆಗ ಅದು ಮಿಲಿಟರಿಯವರ ಸಾಮಾನು. ನಮ್ಮಿಂದ ಒಂದು ದೊಡ್ಡ ಕಂಪನಿ ತೆಗೆದುಕೊಳ್ಳುತ್ತಿತ್ತು, ಅವರು ಅದನ್ನು ಹಾರುವ ಯಾವುದೋ ಒಂದರ ಮೂತಿಯೊಳಗೆ ಕೂರಿಸುತ್ತಿದ್ದರು. ಗುರಿ ಇಟ್ಟ ಜಾಗಕ್ಕೇ ಹೋಗಿ ಬೀಳಲು ಅದಕ್ಕೆ ದಾರಿ ಹೇಳುವುದು ನಮ್ಮ ಡಬ್ಬಿ. ಹಾರುವ ಆ ವಸ್ತು ಏನು ಎಂದು ನಮಗೆ ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ತಾರಸಿಯ ಮೂಲೆಯಲ್ಲಿ ಕಬ್ಬಿಣದ ಕಂಬ, ಅದರ ತಲೆಯ ಮೇಲೊಂದು ತಟ್ಟೆ. ಆ ಕಂಬ ಭೂಮಿಯ ಮೇಲೆ ಸರಿಯಾಗಿ ಎಲ್ಲಿದೆ ಎಂದು ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಯಂತ್ರ ಹೊತ್ತು ಬಂದ ಸರ್ವೆ ತಂಡವೊಂದು ಎರಡು ದಿನ ಕೂತು ಅಳೆದು, ರಿಪೋರ್ಟು ಬರೆದುಕೊಟ್ಟು ಹೋಗಿತ್ತು. ಅದು ನಾನು ಸೇರುವುದಕ್ಕೂ ಮುಂಚಿನ ಮಾತು. ಸಿದ್ಧವಾದ ಪ್ರತಿ ಸೆಟ್ಟಿನ ಆಂಟೆನಾವನ್ನು ಆ ತಟ್ಟೆಯ ಮೇಲಿಟ್ಟು, ಅರ್ಧ ಗಂಟೆ ಬಿಟ್ಟು, ಅದು ಹೇಳಿದ್ದಕ್ಕೂ ರಿಪೋರ್ಟಿನಲ್ಲಿದ್ದದ್ದಕ್ಕೂ ತಾಳೆ ನೋಡುವುದು ನನ್ನ ಕೆಲಸ.

ಮೊದಲ ವರ್ಷಗಳಲ್ಲಿ ಈ ತಾಳೆ ನೋಡುವುದೇ ಒಂದು ತಮಾಷೆ. ತಟ್ಟೆಯ ಮೇಲೆ ಅಲುಗಾಡದೆ ಕೂತ ಸೆಟ್ಟು ತಾನು ಪಕ್ಕದ ಕಾಂಪೌಂಡಿನಲ್ಲಿದ್ದೇನೆ ಎನ್ನುತ್ತಿತ್ತು. ಐದು ನಿಮಿಷ ಬಿಟ್ಟರೆ ರಸ್ತೆಯಾಚೆಯ ಟೀ ಅಂಗಡಿಯಲ್ಲಿ. ಇನ್ನೈದು ನಿಮಿಷಕ್ಕೆ ಮತ್ತೆಲ್ಲೋ. ಉಪಗ್ರಹಗಳು ಅಮೆರಿಕದವರವು. ತಮ್ಮ ಸೈನ್ಯಕ್ಕೆ ನಿಜ ಹೇಳಿ, ಮಿಕ್ಕ ಲೋಕಕ್ಕೆ ಬೇಕೆಂದೇ ಒಂದಿಷ್ಟು ಸುಳ್ಳು ಬೆರೆಸಿ ಕಳಿಸುತ್ತಿದ್ದರು. ಹಾಗಾಗಿ ನಮ್ಮ ಟೆಸ್ಟ್ ಶೀಟಿನಲ್ಲಿ ನೂರು ಮೀಟರಿನವರೆಗೆ ತಪ್ಪು ಮಾಫಿ. ನೂರರೊಳಗೆ ಎಲ್ಲಿ ಅಲೆದರೂ ಸೆಟ್ಟು ಪಾಸು.

ಎರಡು ಸಾವಿರದ ಇಸವಿ, ಮೇ ತಿಂಗಳ ಆರಂಭ. ಬೆಳಿಗ್ಗೆ ಒಂಬತ್ತೂವರೆ ದಾಟಿತ್ತು, ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಪರದೆಯ ಮೇಲೆ ಎಂದಿನಂತೆ ಅಲೆಯುತ್ತಿದ್ದ ಅಂಕಿಗಳು ಇದ್ದಕ್ಕಿದ್ದಂತೆ ನಿಂತವು. ಸೆಟ್ಟು ಕೆಟ್ಟಿತು ಎಂದುಕೊಂಡು ಇನ್ನೊಂದು ಇಟ್ಟೆ. ಅದೂ ನಿಂತಿತು. ಮೂರನೆಯದೂ ಹಾಗೆಯೇ. ಅಮೆರಿಕದವರು ಬೆರೆಸುತ್ತಿದ್ದ ಸುಳ್ಳನ್ನು ನಿಲ್ಲಿಸಿದ್ದಾರೆ ಎಂದು ಮಾರನೆಯ ದಿನ ಪೇಪರಿನಲ್ಲಿ ಓದಿದೆವು. ಲೋಕಕ್ಕೆಲ್ಲ ಅದು ಪೇಪರಿನ ಸುದ್ದಿ. ನಾನು ಮಾತ್ರ ಅದು ಆದ ಗಳಿಗೆಯಲ್ಲೇ ನಂಜನಗೂಡಿನ ಒಂದು ತಾರಸಿಯ ಮೇಲೆ ನಿಂತು ಕಣ್ಣಾರೆ ನೋಡಿದ್ದೆ. ಆ ಜಂಬ ನನಗೆ ಇನ್ನೂ ಇದೆ.

ಜಂಬ ಎಷ್ಟಿದ್ದರೇನು, ಶೀಟಿನ ಮೇಲೆ ನನ್ನ ಸಹಿ ಇರಲಿಲ್ಲ. ಪರೀಕ್ಷೆ ಮಾಡುವವಳು ನಾನು, ಅಂಕಿ ಬರೆಯುವವಳು ನಾನು. ಕೆಳಗೆ 'ಪರೀಕ್ಷಿಸಿದವರು' ಎಂಬಲ್ಲಿ ಸಹಿ ಮಾತ್ರ ಎಂಜಿನಿಯರದು. ಮೈಸೂರಿನಿಂದ ಬರುತ್ತಿದ್ದ ಅವರು ಕೆಟ್ಟವರಲ್ಲ, ಬಿಸಿಲಿಗೆ ತಾರಸಿ ಹತ್ತುತ್ತಿರಲಿಲ್ಲ ಅಷ್ಟೆ. ಡಿಗ್ರಿ ಇಲ್ಲದವರ ಸಹಿ ನಡೆಯುವುದಿಲ್ಲ ಎಂದು ಮೊದಲೇ ಹೇಳಿದ್ದರು. ನನಗೆ ಸಿಟ್ಟು ಬರುತ್ತಿತ್ತು. ನಮ್ಮಪ್ಪ ಸರ್ವೆ ಇಲಾಖೆಯಲ್ಲಿ ದಿನಗೂಲಿಯ ಮೇಲೆ ಸರಪಳಿ ಎಳೆದವರು. ನಂಜನಗೂಡು, ನರಸೀಪುರ ತಾಲ್ಲೂಕುಗಳಲ್ಲಿ ಅವರು ಅಳೆಯದ ಹೊಲವಿಲ್ಲ. ಆದರೆ ಯಾವ ನಕ್ಷೆಯ ಮೇಲೂ ಅವರ ಸಹಿಯಿಲ್ಲ, ಸಾಕ್ಷಿಗೆ ಬೇಕಾದಾಗ ಒತ್ತಿದ ಹೆಬ್ಬೆಟ್ಟು ಇದೆ. ಅಪ್ಪನ ಕೈಗೆ ಸಿಗದಿದ್ದ ಆ ಗೆರೆಯ ಮೇಲೆ ನನ್ನ ಹೆಸರು ಬರೆಯಬೇಕು ಎಂಬುದು ನನ್ನ ಹಟ.

ಆಮೇಲೆ ಎರಡು ಮೂರು ವರ್ಷಕ್ಕೆ ಹೊಸ ಆರ್ಡರು ಬಂತು. ಈ ಸಲ ತಪ್ಪು ನೂರು ಮೀಟರಲ್ಲ, ಐದೇ ಮೀಟರಿನೊಳಗಿರಬೇಕು. ಮಾಲೀಕರು ನನ್ನನ್ನು ಕರೆಸಿದರು. ಹಣೆತುಂಬ ವಿಭೂತಿ ಹಚ್ಚಿ, ಮಠಕ್ಕೆ ನಡೆದುಕೊಳ್ಳುವ ವರ್ತಕ ಮನೆತನದವರು. ಹೆಣ್ಣುಮಕ್ಕಳನ್ನು ಅಮ್ಮ, ತಾಯಿ ಎನ್ನದೆ ಮಾತಾಡಿಸಿದವರಲ್ಲ. "ನೋಡು ತಾಯಿ, ಈ ಆರ್ಡರಿಗೆ ದಿನಕ್ಕೆ ಅಷ್ಟು ಶೀಟಿಗೆ ಎಂಜಿನಿಯರೊಬ್ರೇ ಸಹಿ ಮಾಡಕ್ಕಾಗಲ್ಲ. ಆ ದೊಡ್ಡ ಕಂಪನಿಯೋರನ್ನ ಕೇಳಿ ಒಪ್ಪಿಸಿದೀನಿ. ಇನ್ಮೇಲೆ ಪರೀಕ್ಷಿಸಿದವರು ನೀನೇ. ಕೆಲಸಾನೂ ಕಾಯಂ. ಆದ್ರೆ ಮೊದಲ್ನೇ ಲಾಟು ಸರಿಯಾಗಿ ದಾಟ್ಬೇಕು, ಇಲ್ದಿದ್ರೆ ನಾನು ಏನೂ ಮಾಡಕ್ಕಾಗಲ್ಲ, ನೀನು ಮತ್ತೆ ಕೆಳಗೆ ಸೋಲ್ಡರಿಂಗ್ ಟೇಬಲ್ಲಿಗೆ" ಎಂದರು. ಆ ಸಂಜೆ ಬಸ್ಸಿನಲ್ಲಿ ಟಿಕೆಟ್ಟಿನ ಹಿಂಬದಿಯಲ್ಲಿ ನನ್ನ ಸಹಿಯನ್ನು ಹತ್ತು ಸಲ ಬರೆದು ನೋಡಿದೆ.

ಮೊದಲ ಲಾಟಿನಲ್ಲಿ ನಲವತ್ತು ಸೆಟ್ಟು. ಮೊದಲನೆಯದನ್ನು ಇಟ್ಟೆ. ಹನ್ನೊಂದು ಮೀಟರು ತಪ್ಪು. ಎರಡನೆಯದು ಹತ್ತೂವರೆ. ಮೂರನೆಯದು ಮತ್ತೆ ಹನ್ನೊಂದು. ಸಂಜೆಯೊಳಗೆ ಎಂಟು ನೋಡಿದೆ, ಎಂಟೂ ಅಷ್ಟೇ, ಅದೂ ಒಂದೇ ದಿಕ್ಕಿಗೆ. ಕಂಬ ಇರಬೇಕಾದ ಜಾಗಕ್ಕಿಂತ ನೈಋತ್ಯಕ್ಕೆ ಹನ್ನೊಂದು ಮೀಟರು ಆಚೆ ತಾವಿದ್ದೇವೆ ಎಂದು ಹೇಳುತ್ತಿದ್ದವು.

ಎಂಜಿನಿಯರು ಅಂಕಿಗಳನ್ನು ನೋಡಿ ಹಗುರವಾದರು. "ಒಂದೊಂದು ಒಂದೊಂದು ಥರ ತಪ್ಪಿದ್ರೆ ಕಷ್ಟ. ಎಲ್ಲಾ ಒಂದೇ ಥರ ತಪ್ಪಿದಾವಲ್ಲ, ಸುಲಭ. ಪ್ರೋಗ್ರಾಂ ಒಳಗೆ ಉತ್ತರಕ್ಕೆ ಎಂಟು ಮೀಟರು, ಪೂರ್ವಕ್ಕೆ ಎಂಟು ಮೀಟರು ಸೇರ್ಸಿಬಿಡ್ತೀನಿ. ಎಲ್ಲಾ ಸೊನ್ನೆಗೆ ಬರ್ತಾವೆ. ನೀನು ಸಹಿ ಹಾಕು" ಎಂದರು.

"ಸಾರ್, ತಪ್ಪು ಯಾಕೆ ಬರ್ತಿದೆ ಅಂತ ಗೊತ್ತಾಗದೆ ಹೇಗೆ ಸೇರ್ಸೋದು?"

"ಗೊತ್ತಾಗೋ ಹೊತ್ತಿಗೆ ಆರ್ಡರ್ ಹೋಗಿರತ್ತೆ ಕಣಮ್ಮ."

"ಎಂಟು ಜನ ಬೇರೆ ಬೇರೆ ನಿಂತು ಒಂದೇ ಮಾತು ಹೇಳ್ತಿದಾರೆ ಅಂದ್ರೆ, ಅವರು ನಿಜಾನೇ ಹೇಳ್ತಿರಬಹುದಲ್ವಾ ಸಾರ್? ಕಂಬದ ಲೆಕ್ಕವೇ ತಪ್ಪಿದ್ರೆ?"

ಅವರು ಜೋರಾಗಿ ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸರ್ವೆ ಮಾಡಿಟ್ಟ ಕಂಬ ಅದು. ಮಿಲಿಟರಿ ಕಡೆಯಿಂದ ತಪಾಸಣೆಗೆ ಬರೋಕೆ ಆರು ದಿನ ಇದೆ. ಸಹಿ ಬೇಕೋ ಬೇಡ್ವೋ ನೀನೇ ಯೋಚನೆ ಮಾಡು."

ಸಹಿ ಬೇಕಾಗಿತ್ತು. ಬೇಕಾಗಿತ್ತು ಎಂದರೆ ಸಾಲದು, ಆ ಮಾತು ಕೇಳಿ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಅಕಸ್ಮಾತ್ ಸೆಟ್ಟುಗಳು ನಿಜ ಹೇಳುತ್ತಿದ್ದರೆ, ನಾವು ಎಂಟೆಂಟು ಸೇರಿಸಿ ಅವಕ್ಕೆ ಸುಳ್ಳು ಕಲಿಸಿ ಕಳಿಸಿದಂತಾಗುತ್ತದೆ. ಹೋದ ಮೇಲೆ ಅದನ್ನು ತಿದ್ದುವವರಿಲ್ಲ. ಹನ್ನೊಂದು ಮೀಟರು ತಪ್ಪಿ ಬೀಳುತ್ತದೆ, ಪ್ರತಿಯೊಂದೂ, ನನ್ನ ಸಹಿಯ ಮೇಲೆ.

ಮನೆಗೆ ಹೋದಾಗ ಅಪ್ಪ ಗೋಡೆಯ ಬುದ್ಧನ ಪಟದ ಕೆಳಗೆ ಕೂತು ಬೀಡಿ ಸೇದುತ್ತಿದ್ದರು. ಅವ್ವ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಕೆಲಸದ ವಿಷಯ ಮನೆಯಲ್ಲಿ ಆಡಬಾರದು ಎಂಬ ನಿಯಮವಿತ್ತು. ಆ ಸಂಜೆ ಅದನ್ನು ಮುರಿದು ಎಲ್ಲ ಹೇಳಿದೆ. ಅಪ್ಪನಿಗೆ ಉಪಗ್ರಹ ಗೊತ್ತಿಲ್ಲ. ಅಳತೆ ಗೊತ್ತು.

"ಒಲದಲ್ಲಿ ಅಳ್ತೆ ತಾಳೆ ಬರ್ದಿದ್ರೆ ಸಾಹೇಬ್ರು ಮೊದ್ಲು ಸರಪಳಿ ಬೈಯೋರು" ಎಂದರು ಅಪ್ಪ. "ನಾವು ಮೊದ್ಲು ಬಾಂದ್ ಕಲ್ಲು ನೋಡ್ತಿದ್ವು. ಕಲ್ಲು ಸುಳ್ಳೇಳಲ್ಲ ಕಣವ್ವ, ಆದ್ರೆ ಕಲ್ಗೆ ಕಾಲ್ ಬಂದ್ಬಿಡ್ತದೆ. ಪಕ್ಕದೊಲದೋನು ಕಿತ್ತು ನಾಕ್ ಮಾರು ಆಚೆ ನೆಟ್ಟಿರ್ತಾನೆ. ಕಿತ್ ಗುಂಡಿ ಮುಚ್ಚುದ್ರೂ ಮಣ್ಣು ಬ್ಯಾರೆ ಬಣ್ಣ ಇರ್ತದೆ. ಓಗಿ ನಿನ್ ಕಂಬದ ಬುಡ ನೋಡು."

ಏಳು ವರ್ಷ ಅದೇ ತಾರಸಿಯ ಮೇಲೆ ಸೂರ್ಯನನ್ನು ನೋಡಿದ್ದೆ, ಚಂದ್ರನನ್ನು ನೋಡಿದ್ದೆ, ಉಪಗ್ರಹಗಳ ಓಡಾಟವನ್ನು ಲೆಕ್ಕವಿಟ್ಟಿದ್ದೆ. ಕಾಲ ಕೆಳಗಿನ ನೆಲ ನೋಡಿರಲಿಲ್ಲ. ಮರುದಿನ ಪೊರಕೆ ತೆಗೆದುಕೊಂಡು ಹೋಗಿ ತಾರಸಿಯನ್ನೆಲ್ಲ ಗುಡಿಸಿದೆ. ನಮ್ಮ ಕಂಬ ಇದ್ದದ್ದು ನೈಋತ್ಯ ಮೂಲೆಯಲ್ಲಿ. ಅದಕ್ಕೆ ಎದುರು ಕರ್ಣದಲ್ಲಿ, ಈಶಾನ್ಯ ಮೂಲೆಯಲ್ಲಿ, ಪಾಚಿ ಹಿಡಿದ ಹಳೇ ಗಾರೆಯ ನಡುವೆ ಒಂದು ಚೌಕ ಮಾತ್ರ ಬಣ್ಣ ಬೇರೆಯಾಗಿತ್ತು. ಉಗುರಿನಿಂದ ಕೆರೆದೆ. ನಾಲ್ಕು ಮೂಲೆಗೆ ನಾಲ್ಕು ಬೋಲ್ಟಿನ ತೂತು, ಸಿಮೆಂಟು ತುಂಬಿ ಮುಚ್ಚಿದ್ದು. ಟೇಪು ಹಿಡಿದು ಆ ಚೌಕದಿಂದ ಕಂಬದವರೆಗೆ ಅಳೆದೆ. ಹನ್ನೊಂದು ಮೀಟರಿಗೆ ಒಂದು ಗೇಣು ಜಾಸ್ತಿ.

ಟೇಪನ್ನು ಸುತ್ತದೆ ಹಾಗೇ ಎಳೆದುಕೊಂಡು ಮಾಲೀಕರ ರೂಮಿಗೆ ಹೋದೆ. ಎಂಜಿನಿಯರೂ ಅಲ್ಲೇ ಇದ್ದರು. "ಸಾರ್, ಮೇಲಿರೋ ಕಂಬ ಮೊದಲು ಈಶಾನ್ಯದ ಮೂಲೇಲಿತ್ತಾ?" ಎಂದು ಕೇಳಿದೆ.

ಮಾಲೀಕರು ಪೆನ್ನು ಕೆಳಗಿಟ್ಟರು. ಅವರ ಮುಖ ನೋಡಿದಾಗಲೇ ಉತ್ತರ ಸಿಕ್ಕಿತ್ತು. "ಇತ್ತಮ್ಮ. ಸರ್ವೆಯೋರು ಹೋದ ಮೂರ್ನಾಲ್ಕು ತಿಂಗಳಿಗೆ ವಾಸ್ತು ನೋಡೋರನ್ನ ಕರೆಸಿದ್ದೆ. ಆರ್ಡರುಗಳು ಬರ್ತಾನೇ ಇರಲಿಲ್ಲ. ಈಶಾನ್ಯದಲ್ಲಿ ಕಬ್ಬಿಣದ ಭಾರ ಇರಬಾರದು, ನೈಋತ್ಯಕ್ಕೆ ಹಾಕಿ ಅಂದ್ರು. ಕೀಳಿಸಿ ಹಾಕಿಸ್ದೆ." ಆಮೇಲೆ, "ಅಷ್ಟು ಮೇಲಿಂದ ಬರೋ ಸಿಗ್ನಲ್ಲು, ಅದಕ್ಕೆ ಈ ಮೂಲೆ ಆದ್ರೇನು ಆ ಮೂಲೆ ಆದ್ರೇನು ಅಂದ್ಕೊಂಡೆ ತಾಯಿ" ಎಂದರು.

ನನಗೆ ನಗು ಬಂತು, ತಡೆದುಕೊಂಡೆ. ಅವರು ಹೇಳಿದ್ದರಲ್ಲಿ ಒಂದು ನ್ಯಾಯವೂ ಇತ್ತು. ಸೆಟ್ಟುಗಳು ನೂರು ಮೀಟರು ಅಲೆಯುತ್ತಿದ್ದ ಕಾಲದಲ್ಲಿ ಈ ಹನ್ನೊಂದು ಯಾರ ಕಣ್ಣಿಗೆ ಬಿದ್ದೀತು? ಅಮೆರಿಕದ ದೊಡ್ಡ ಸುಳ್ಳಿನೊಳಗೆ ನಮ್ಮ ಸಣ್ಣ ತಪ್ಪು ಅಡಗಿ ಕೂತಿತ್ತು. ದೊಡ್ಡದು ಹೋದ ಮೇಲೂ ಶೀಟಿನಲ್ಲಿ ನೂರರ ಮಾಫಿ ಇದ್ದುದರಿಂದ ಯಾರೂ ನೋಡಲಿಲ್ಲ. ಐದರ ಲೆಕ್ಕ ಬಂದಾಗ ಹೊರಬಿತ್ತು.

ಎಂಜಿನಿಯರ ಮುಖ ಬಿಳುಚಿತ್ತು. "ಇದನ್ನ ಹೊರಗೆ ಹೇಳೋ ಹಾಗಿಲ್ಲ ಸಾರ್" ಎಂದು ಮಾಲೀಕರ ಕಡೆ ತಿರುಗಿದರು. "ರೆಫರೆನ್ಸ್ ಕಂಬ ಕಿತ್ತಿದೀವಿ ಅಂದ್ರೆ ಇಷ್ಟು ವರ್ಷದ ಶೀಟೆಲ್ಲಾ ತೆಗೀತಾರೆ. ಒಪ್ಪಂದಾನೇ ಹೋಗತ್ತೆ. ನಾನು ಎಂಟೆಂಟು ಸೇರಿಸ್ಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ."

"ಸಾರ್, ಹಾಗೆ ಮಾಡಿದ್ರೆ ನಮ್ಮ ತಾರಸಿ ಮೇಲೆ ಮಾತ್ರ ಸರಿ ಬರತ್ತೆ. ಬೇರೆ ಎಲ್ಲಿ ಹೋದ್ರೂ ಹನ್ನೊಂದು ಮೀಟರು ತಪ್ಪು" ಎಂದೆ. ನನ್ನ ದನಿ ಏರಿತ್ತು. "ನಮ್ಮ ಕೇರೀಲಿ ಹನ್ನೊಂದು ಮೀಟರಿಗೆ ಮೂರು ಮನೆ ಬರತ್ತೆ ಸಾರ್. ನಾನಂತೂ ಸಹಿ ಹಾಕಲ್ಲ."

"ಕೆಳಗೆ ಟೇಬಲ್ ಖಾಲಿ ಇದೆ" ಎಂದರು ಎಂಜಿನಿಯರು.

"ಇರಲಿ ಸಾರ್. ಸೋಲ್ಡರಿಂಗೂ ಚೆನ್ನಾಗೇ ಮಾಡ್ತೀನಿ."

ಮಾಲೀಕರು ಇಬ್ಬರನ್ನೂ ಕೈಯೆತ್ತಿ ಸುಮ್ಮನಿರಿಸಿದರು. "ಕಂಬ ಸರಿದಿದ್ದಕ್ಕೇ ಈ ತಪ್ಪು ಅಂತ ಖಾತ್ರಿ ಏನಮ್ಮ? ಸೆಟ್ಟಲ್ಲೂ ಏನೋ ದೋಷ ಇದ್ದು, ಎರಡೂ ಕಾಕತಾಳೀಯ ಆಗಿದ್ರೆ? ನಾನು ಮಾನ ಕಳ್ಕೊಂಡು ಹೇಳಿ, ಆಮೇಲೆ ಸೆಟ್ಟೇ ಸರಿ ಇಲ್ಲ ಅಂತಾದ್ರೆ ಅತ್ತ ದರಿ ಇತ್ತ ಪುಲಿ." ಆ ಪ್ರಶ್ನೆ ಸರಿಯಾಗಿಯೇ ಇತ್ತು. ಆಂಟೆನಾವನ್ನು ಹಳೇ ಚೌಕದ ಮೇಲಿಟ್ಟು ನೋಡಿದೆವು, ಎರಡು ಮೀಟರಿನೊಳಗೆ ಬಂತು. ಎಂಜಿನಿಯರು ಒಪ್ಪಲಿಲ್ಲ. ತಪ್ಪಿದಷ್ಟೇ ದೂರ ಎದುರು ದಿಕ್ಕಿಗೆ ಸೆಟ್ಟನ್ನು ಜರುಗಿಸಿದರೆ ಸರಿ ಬರದೆ ಇನ್ನೇನು ಎಂದರು.

ಆ ಸಂಜೆ ಅಪ್ಪನಿಗೆ ಇದನ್ನೂ ಹೇಳಿದೆ. "ಅವ್ರು ಏಳಿದ್ದು ಸರಿ" ಎಂದರು ಅಪ್ಪ. ನನಗೆ ಮೈಯೆಲ್ಲ ಉರಿಯಿತು. ಅಪ್ಪ ನಿಧಾನವಾಗಿ ಮುಂದುವರಿಸಿದರು, "ಒಂದ್ ಬಾಂದ್ ಕಲ್ಗೆ ಇನ್ನೊಂದ್ ಬಾಂದ್ ಕಲ್ಲೇ ಸಾಕ್ಷಿ. ದೊಡ್ ಪೆಟ್ಗೆಯೋರು ನಿಮ್ಮಲ್ಗೆ ಬರೋಕ್ ಮುಂಚೆ ನರಸೀಪುರದತ್ರ ಒಂದ್ ಕಲ್ ನೆಡ್ಸುದ್ರು. ಕೂಲಿಗೆ ಓಗಿದ್ದೋನು ನಾನೇ. ಅದ್ರಿಂದ್ಲೇ ನಿಮ್ ಕಂಬಕ್ಕೆ ಲೆಕ್ಕ ತಂದಿರ್ಬೇಕು. ಕಾಗ್ದ ತಗ್ದು ನೋಡು."

ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೋಗಿ ರಿಪೋರ್ಟು ತೆಗೆಸಿದೆ. ಎರಡನೆಯ ಪುಟದಲ್ಲಿ ಇತ್ತು, ಟಿ. ನರಸೀಪುರದ ಹತ್ತಿರದ ಆಧಾರ ಕಲ್ಲು, ಅದರ ಅಕ್ಷಾಂಶ ರೇಖಾಂಶ ಎಲ್ಲ. ಮಾಲೀಕರು ಕಂಪನಿಯ ವ್ಯಾನು ಕೊಟ್ಟರು. ಸೆಟ್ಟು ಒಬ್ಬಳ ಕೈಯಲ್ಲಿ ಗೇಟು ದಾಟುವ ಹಾಗಿಲ್ಲವಾದ್ದರಿಂದ ಎಂಜಿನಿಯರು ಬಾರದೆ ವಿಧಿಯಿರಲಿಲ್ಲ. ಅವರು ಮುಂದೆ ಡ್ರೈವರ್ ಪಕ್ಕ ಕೂತರು. ದಾರಿಯಲ್ಲಿ ನಮ್ಮೂರಿನ ಬಸ್ ಸ್ಟಾಪಿನಲ್ಲಿ ಅಪ್ಪ ಹತ್ತಿಕೊಂಡರು, ತೊಡೆಗಳ ನಡುವೆ ಗುದ್ದಲಿ ನಿಲ್ಲಿಸಿಕೊಂಡು ನನ್ನ ಪಕ್ಕ ಕೂತರು. ಎಂಜಿನಿಯರು ಕನ್ನಡಿಯಲ್ಲಿ ಗುದ್ದಲಿಯನ್ನು ನೋಡಿದರು.

ನರಸೀಪುರ ಇನ್ನೂ ಸ್ವಲ್ಪ ದೂರವಿರುವಾಗ ಅಪ್ಪ ವ್ಯಾನು ನಿಲ್ಲಿಸಿದರು. ರಸ್ತೆಯಿಂದ ಹಿಪ್ಪುನೇರಳೆ ತೋಟದ ಬದುವಿನ ಮೇಲೆ ನಡೆದು ಒಂದು ದಿಣ್ಣೆ ಹತ್ತಿದೆವು. ಮೊಳಕಾಲೆತ್ತರದ ಕಲ್ಲು, ತಲೆಯ ಮೇಲೆ ಕೊರೆದ ಚುಕ್ಕಿ. ನಾನು ಆಂಟೆನಾ ಇಡಲು ಹೋದೆ. "ತಡಿಯವ್ವಾ, ಅವಸ್ರ ಯಾಕೆ" ಎಂದು ಅಪ್ಪ ಕುಕ್ಕರಗಾಲಿನಲ್ಲಿ ಕೂತು ಕಲ್ಲಿನ ಬುಡ ಅಗೆಯತೊಡಗಿದರು.

"ಏನ್ ಮಾಡ್ತಿದಾರೆ ಇವರು? ಕಲ್ಲು ಅಲ್ಲಾಡತ್ತೆ!" ಎಂದರು ಎಂಜಿನಿಯರು ಗಾಬರಿಯಿಂದ.

"ಅಲ್ಲಾಡಲ್ಲ ಸಾ. ಪಕ್ದಲ್ ತಗೀತಿವ್ನಿ." ಮೊಳದಷ್ಟು ಆಳಕ್ಕೆ ಹೋದ ಮೇಲೆ ಅಪ್ಪ ಗುದ್ದಲಿ ಬಿಟ್ಟು ಕೈಹಾಕಿದರು. ಹಿಡಿ ಮಣ್ಣು ತೆಗೆದು ಎಂಜಿನಿಯರ ಮುಂದೆ ಹಿಡಿದರು. ಮಣ್ಣಿನಲ್ಲಿ ಕಪ್ಪು ಚೂರುಗಳು. "ಇದ್ಲು ಸಾ. ಕಲ್ ನೆಡುವಾಗ ಅಡೀಗೆ ಇದ್ಲು ಆಕ್ತೀವಿ. ಮರ ಕೊಳೀತದೆ, ಇದ್ಲು ಕೊಳ್ಯಲ್ಲ. ಯಾರಾರ ಕಿತ್ತು ಬ್ಯಾರೆ ಕಡೆ ನೆಟ್ರೆ ಕಲ್ ತಕ್ಕಂಡೋಯ್ತಾರೆ, ಇದ್ಲು ಮರ್ತೋಯ್ತಾರೆ. ದೊಡ್ ಪೆಟ್ಗೆಯೋರು ಬ್ಯಾಡ ಅಂದ್ರು, ನಾನೇ ಅವ್ರ್ ಮಾತ್ ಮೀರಿ ಆಕ್ದೆ. ಈ ಕಲ್ಗೆ ಕಾಲ್ ಬಂದಿಲ್ಲ. ಈಗ ನೋಡ್ಕಳಿ."

ಆಂಟೆನಾ ಇಟ್ಟು ಅರ್ಧ ಗಂಟೆ ಕಾದೆವು. ಬಿಸಿಲಿಗೆ ಪರದೆ ಕಾಣದೆ ನನ್ನ ಸೆರಗನ್ನೇ ಮರೆಯಾಗಿ ಹಿಡಿದಿದ್ದೆ. ಅಂಕಿ ಬಂತು. ರಿಪೋರ್ಟಿನ ಲೆಕ್ಕಕ್ಕೂ ಅದಕ್ಕೂ ಎರಡು ಮೀಟರು ವ್ಯತ್ಯಾಸ. ಇನ್ನೊಂದು ಸೆಟ್ಟು ತಂದಿದ್ದೆವು, ಅದು ಒಂದೂವರೆ.

ಎಂಜಿನಿಯರು ಸೆರಗಿನ ನೆರಳಿನೊಳಗೆ ಬಗ್ಗಿ ಎರಡೆರಡು ಸಲ ಓದಿದರು. ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. "ಈ ಸಲ ನೆಲವೇ ಡೊಂಕಾಗಿತ್ತು ಸಾರ್" ಎಂದೆ. ಅವರು ನೇರವಾಗಿ ನಿಂತು, ಕನ್ನಡಕ ಒರೆಸಿಕೊಂಡು, "ಹೌದಮ್ಮ" ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, "ಯಜಮಾನ್ರೇ, ಆ ಗುಂಡಿ ಮುಚ್ಚೋಕೆ ಸಹಾಯ ಮಾಡ್ಲಾ?" ಎಂದು ಕೇಳಿದರು. ಮಾಡಿದರು ಕೂಡ, ಷೂ ಕಾಲಿನಿಂದಲೇ ಮಣ್ಣು ತಳ್ಳಿದರು. ಅವರ ಮೇಲಿದ್ದ ಸಿಟ್ಟಿನಲ್ಲಿ ಅರ್ಧ ಅಲ್ಲೇ ಇಳಿಯಿತು.

ಸೆಟ್ಟು ಸರಿ ಇದೆ ಎಂದು ಸಾಬೀತಾಯಿತು. ಉಳಿದದ್ದು ಹೊರಗೆ ಹೇಳುವ ಮಾತು. ಹೇಳಬೇಕಾದವರು ಮಾಲೀಕರು. ಅವರು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ. ತಪಾಸಣೆಯ ಬೆಳಿಗ್ಗೆ ಸೆಟ್ಟುಗಳನ್ನು ಸಾಲಾಗಿ ಜೋಡಿಸಿ, ಶೀಟುಗಳನ್ನು ಸಹಿಯಿಲ್ಲದೆ ಪಕ್ಕದಲ್ಲಿಟ್ಟು ನಿಂತೆ. ಮಾಲೀಕರು ಎಂಟೆಂಟು ಸೇರಿಸಿ ಎಂದಿದ್ದರೆ ಎಂಜಿನಿಯರು ಅರ್ಧ ದಿನದಲ್ಲಿ ಸೇರಿಸಬಲ್ಲವರಾಗಿದ್ದರು. ಸಹಿಗೆ ಬೇರೆ ಯಾರಾದರೂ ಸಿಕ್ಕೇ ಸಿಗುತ್ತಿದ್ದರು.

ಮಿಲಿಟರಿ ಕಡೆಯಿಂದ ಬಂದ ಅಧಿಕಾರಿ ಉತ್ತರದವರು, ಕನ್ನಡ ಬಾರದು. ಎತ್ತರದ ಮನುಷ್ಯ, ಮೀಸೆ ಬೆಳ್ಳಗಾಗಿತ್ತು. ಮಾಲೀಕರು ಅವರನ್ನು ಕೂರಿಸಲಿಲ್ಲ, ಟೀಯನ್ನೂ ಕೇಳಲಿಲ್ಲ. ನೇರವಾಗಿ ತಾರಸಿಗೆ ಹತ್ತಿಸಿ, ಈಶಾನ್ಯ ಮೂಲೆಯ ಚೌಕದ ಮುಂದೆ ನಿಲ್ಲಿಸಿ, ತಮಗೆ ಬರುವ ಇಂಗ್ಲಿಷಿನಲ್ಲಿ ಎಲ್ಲ ಹೇಳಿದರು. ಕಂಬ ಕೀಳಿಸಿದ್ದು ತಾವು, ಯಾಕೆ ಕೀಳಿಸಿದ್ದು, ಕಂಡುಹಿಡಿದದ್ದು ಈ ಹುಡುಗಿ, ಸಾಕ್ಷಿ ನರಸೀಪುರದ ಕಲ್ಲು. ವಾಸ್ತು ಎಂಬ ಮಾತು ಬಂದಾಗ ಅವರ ಕುತ್ತಿಗೆಯೆಲ್ಲ ಕೆಂಪಾಯಿತು. ನಿಲ್ಲಿಸದೆ ಹೇಳಿ ಮುಗಿಸಿದರು. ಅವತ್ತು ಅವರ ಮೇಲೆ ನನಗೆ ಹುಟ್ಟಿದ ಗೌರವ ಇವತ್ತಿಗೂ ಕಡಿಮೆಯಾಗಿಲ್ಲ.

ಅಧಿಕಾರಿ ತಾವೇ ಟೇಪು ಹಿಡಿದು ಅಳೆದರು. ಕೊನೆಗೆ, ಹಳೆಯ ಶೀಟುಗಳಲ್ಲಿ ನೂರು ಮೀಟರಿನ ಲೆಕ್ಕದೊಳಗೆ ಇದು ಬರುವುದರಿಂದ ಅವು ನಿಲ್ಲುತ್ತವೆ, ಆದರೆ ಕಂಬ ಮೊದಲಿದ್ದ ಜಾಗಕ್ಕೆ ಹೋಗಬೇಕು, ಹೊಸದಾಗಿ ಸರ್ವೆ ಆಗಬೇಕು, ಅಲ್ಲಿಯವರೆಗೆ ಒಂದು ಸೆಟ್ಟೂ ಗೇಟು ದಾಟಬಾರದು ಎಂದರು. ನನ್ನ ಕಡೆ ತಿರುಗಿ, ಸಹಿ ಹಾಕದ ಶೀಟುಗಳನ್ನು ತೋರಿಸಿ, ಯಾಕೆ ಎಂದು ಕೇಳಿದರು. ನನ್ನ ಇಂಗ್ಲಿಷು ಮಾಲೀಕರದಕ್ಕಿಂತ ಕಷ್ಟದ್ದು. ಅಂಕಿ ಸರಿಯಿರಲಿಲ್ಲ ಎಂದಷ್ಟೇ ಹೇಳಿದೆ. ಅವರು ತಲೆಯಾಡಿಸಿದರು.

ಒಂದೂವರೆ ತಿಂಗಳು ಹಿಡಿಯಿತು. ಕಂಬ ಈಶಾನ್ಯಕ್ಕೆ ಮರಳಿತು. ಮತ್ತೆ ಪೆಟ್ಟಿಗೆಗಳವರು ಬಂದು ಅಳೆದರು. ನಲವತ್ತು ಸೆಟ್ಟೂ ಐದು ಮೀಟರಿನೊಳಗೆ ಬಂದವು. ಮೊದಲ ಶೀಟನ್ನು ಮಾಲೀಕರು ತಾವೇ ಕೈಯಲ್ಲಿ ಹಿಡಿದು ತಂದು ನನ್ನ ಮುಂದಿಟ್ಟು, ತಮ್ಮ ಪೆನ್ನು ಕೊಟ್ಟರು. 'ಪರೀಕ್ಷಿಸಿದವರು' ಎಂಬ ಗೆರೆಯ ಮೇಲೆ ನನ್ನ ಹೆಸರನ್ನು ಕನ್ನಡದಲ್ಲಿ, ಪೂರ್ತಿಯಾಗಿ, ಒಂದಕ್ಷರವನ್ನೂ ನುಂಗದೆ ಬರೆದೆ. ಎಂಜಿನಿಯರು ಕೆಳಗೆ 'ಒಪ್ಪಿದವರು' ಎಂಬಲ್ಲಿ ಬರೆದರು. ಕೆಳಗಿನ ಹುಡುಗಿಯರು ಚಪ್ಪಾಳೆ ತಟ್ಟಿದರು.

ಅದರ ಒಂದು ನಕಲು ಮಾಡಿಸಿಕೊಂಡು ಮನೆಗೆ ಒಯ್ದೆ. ನಿಯಮ ಮುರಿಯುವುದು ಈಗ ಅಭ್ಯಾಸವಾಗಿತ್ತು. ಅಪ್ಪ ಉಣ್ಣುತ್ತಿದ್ದರು. ಎಡಗೈಯಲ್ಲಿ ಕಾಗದ ಹಿಡಿದು, ಓದಲು ಬಾರದಿದ್ದರೂ ನನ್ನ ಸಹಿ ಯಾವುದು ಎಂದು ಕೇಳಿ, ಅದನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣು ತುಂಬಿತ್ತು. ನನ್ನದೂ.

"ಈಗ ಅಳ್ತೆ ಸರಿಯಾಯ್ತಾ?" ಎಂದರು.

"ಸರಿಯಾಯ್ತಪ್ಪ. ಈಗ ಎಲ್ಲಿ ಅಂದ್ರೆ ಅಲ್ಲೇ ಓಗಿ ಬೀಳ್ತದೆ. ಪಕ್ಕದ್ ಮನೆ ಮೇಲೆ ಬೀಳಲ್ಲ."

ಅಪ್ಪ ಮುದ್ದೆ ಮುರಿದರು. "ಯಾರ್ ಮನೆ ಮೇಲೆ ಬೀಳ್ತದೆ ಅಂತ ಇದ್ರಲ್ಲಿ ಬರ್ದವ್ರಾ?"

ಅವರ ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ. ತಿಳಿಯದ್ದನ್ನು ತಿಳಿದವರ ಹತ್ತಿರ ಕೇಳುವಂತೆ ಕೇಳಿದ್ದರು. ನಾನು ಕಾಗದ ತೆಗೆದುಕೊಂಡು ಮೇಲಿನಿಂದ ಕೆಳಗೆ ಇನ್ನೊಮ್ಮೆ ನೋಡಿದೆ. ಸೆಟ್ಟಿನ ನಂಬರು, ಉಪಗ್ರಹಗಳ ಸಂಖ್ಯೆ, ಅಕ್ಷಾಂಶ, ರೇಖಾಂಶ, ವ್ಯತ್ಯಾಸ, ಪರೀಕ್ಷಿಸಿದವರು, ಒಪ್ಪಿದವರು.

"ಇಲ್ಲ ಕಣಪ್ಪ. ಆ ಕಾಲಂ ಇಲ್ಲ."

"ಊಂ" ಎಂದು ಅಪ್ಪ ಊಟ ಮುಂದುವರಿಸಿದರು.

ಮಾರನೆಯ ದಿನ ಹೋಗಿ ಉಳಿದ ಮೂವತ್ತೊಂಬತ್ತು ಶೀಟಿಗೂ ಸಹಿ ಹಾಕಿದೆ. ಆಮೇಲೆ ಎಂಟು ವರ್ಷ ಹಾಕಿದೆ. ನನ್ನ ಸಹಿಯಿದ್ದ ಒಂದು ಸೆಟ್ಟೂ ತಪ್ಪು ಅಳತೆಯೆಂದು ವಾಪಸ್ಸು ಬರಲಿಲ್ಲ. ಅವೆಲ್ಲ ಹೇಳಿದಲ್ಲಿಗೇ ಹೋಗಿ ಬಿದ್ದಿರುತ್ತವೆ, ಅದರಲ್ಲಿ ನನಗೆ ಅನುಮಾನವಿಲ್ಲ. ಅಲ್ಲಿ ಯಾರಿದ್ದರು ಎಂದು ನಾನು ಯಾರನ್ನೂ ಕೇಳಲಿಲ್ಲ.